ನಿಧಿಯ ಕೆನ್ನೆಯ ಕಪ್ಪು ಚುಕ್ಕೆ

ಪ್ರದರ್ಶನ ಇನ್ನೇನು ಶುರುವಾಗಬೇಕಿತ್ತು. ಅಮೂಲ್ಯಾ ತನ್ನ ಚಿತ್ರದ ಮೇಲಿನ ಬಟ್ಟೆ ಸರಿಸಿದಳು. ಚೀರಿದಳು.

ಮಗಳು ನಿಧಿಯ ಚಿತ್ರ ಅದು. ಹದಿನೆಂಟನೇ ಶತಮಾನದ ಫ್ರೆಂಚ್ ರೊಕೊಕೊ ಶೈಲಿ. ಹಾಲಿನಂಥ ಬಣ್ಣ, ಗುಲಾಬಿ ಕೆನ್ನೆ, ರೇಷ್ಮೆಯ ನೆರಿಗೆ. ಒಂದು ಮೊಡವೆಯೂ ಇಲ್ಲ. ಹದಿನಾರರ ಹುಡುಗಿಗೆ ಅದು ಚಿತ್ರದಲ್ಲಿ ಮಾತ್ರ ಸಾಧ್ಯ ಬಿಡಿ. ಈಗ ಆ ಕೆನ್ನೆಯ ಮೇಲೊಂದು ಕಪ್ಪು ಚುಕ್ಕೆ.

"ಇದು ಸಿದ್ದೇಶ್ವರಿ ಕೆಲಸಾನೇ!"

ಅಮೆರಿಕದ ಕ್ಯಾರಿ ಊರಿನ ಕನ್ನಡ ಸಂಘದವರೆಲ್ಲ ಅತ್ತ ತಿರುಗಿದರು.

ಸಿದ್ದೇಶ್ವರಿ ಅಮೂಲ್ಯಾಳ ಜೀವದ ಗೆಳತಿ. ಇಬ್ಬರೂ ಒಟ್ಟಿಗೆ ಪೇಂಟಿಂಗ್ ಕಲಿತವರು. ಆ ಕಾಲದ ಫ್ರೆಂಚ್ ಹೆಂಗಸರು ಅಂದಕ್ಕೆಂದು ಕೆನ್ನೆಗೆ ಕಪ್ಪು ಚುಕ್ಕೆ ಅಂಟಿಸಿಕೊಳ್ಳುತ್ತಿದ್ದರು ಎಂದು ಕ್ಲಾಸಿನಲ್ಲಿ ಕೇಳಿ ಇಬ್ಬರೂ ನಕ್ಕಿದ್ದರು. "ನಮ್ಮ ನಿಧೀಗೆ ಇಷ್ಟೊಂದು ಬಿಳಿ ಯಾಕೆ ಬಳಿದಿದ್ಯಾ?" ಎಂದು ಸಿದ್ದೇಶ್ವರಿ ಈ ಚಿತ್ರಕ್ಕೆ ಮೂಗು ಮುರಿದಿದ್ದೂ ನಿಜ.

"ಗೇಲಿ ಮಾಡೋಕೇ ಇಟ್ಟಿದ್ದಾಳೆ. ಅವಳ ಪೇಂಟಿಂಗ್ ಇಲ್ಲಿದ್ರೆ ನಂದು ಇರಲ್ಲ!"

ಸಿದ್ದೇಶ್ವರಿಯ ಕಣ್ಣು ತುಂಬಿತು. "ಇಷ್ಟೇನಾ ನಮ್ಮ ಸ್ನೇಹ?" ಎಂದವಳೇ ತನ್ನ ಚಿತ್ರ ಇಳಿಸತೊಡಗಿದಳು.

ಸಂಘದ ಕಾತ್ಯಾಯಿನಿಗೆ ಸಂಕಟವಾಯಿತು. ಇಬ್ಬರೂ ಬೇಕಾದವರು. ಸುಳ್ಳು ಇನ್ಶೂರೆನ್ಸ್ ಕ್ಲೇಮ್ ಪತ್ತೆ ಮಾಡುವುದು ಅವಳ ಉದ್ಯೋಗ. ಸಿದ್ದೇಶ್ವರಿಯ ಕಾರು ಹೊರಡುವುದರೊಳಗೆ ಇದನ್ನೂ ಪತ್ತೆ ಮಾಡಬೇಕಿತ್ತು.

* * *

"ಬೆಳಿಗ್ಗೆ ಇಲ್ಲಿ ಯಾರ್ಯಾರು ಇದ್ರಿ?" ಕಾತ್ಯಾಯಿನಿ ಅಮೂಲ್ಯಾಳನ್ನು ಕೇಳಿದಳು.

"ನಾನು, ಅತ್ತೆ, ಈ ಸಿದ್ದೇಶ್ವರಿ. ನಾನು ಹೂವು ಪಿಕಪ್ ಮಾಡೋಕೆ ಹೋಗಿದ್ದೆ. ಅತ್ತೆ ಕಿಚನ್‌ನಲ್ಲಿದ್ರು."

"ಅತ್ತೆ ಚಿತ್ರ ನೋಡಿದ್ರಾ?"

"ಅವರಿಗೆ ನನ್ನ ಪೇಂಟಿಂಗ್ ಅಂದ್ರೆ ಅಷ್ಟಕ್ಕಷ್ಟೆ. ಒಂದ್ಸಲಾನೂ ಚೆನ್ನಾಗಿದೆ ಅಂದಿಲ್ಲ."

ಕಾತ್ಯಾಯಿನಿ ಬಗ್ಗಿ ನೋಡಿದಳು. ಬೆರಳತುದಿಯಷ್ಟು ದುಂಡು. ಕುಂಚದ ಗೆರೆಯಿಲ್ಲ. ಟಿಶ್ಯೂವಿನಿಂದ ಮೆಲ್ಲಗೆ ಮುಟ್ಟಿದಳು. ಜಿಡ್ಡು. ಮೂಸಿದಳು. ಹರಳೆಣ್ಣೆ.

ನೆಟ್ಟಗೆ ಅಡುಗೆಮನೆಗೆ ನಡೆದಳು. ಫ್ಯಾನಿನ ಗದ್ದಲದಲ್ಲಿ ಅಮೂಲ್ಯಾಳ ಅತ್ತೆ ಚನ್ನಮ್ಮ ಕೋಸಂಬರಿ ಕಲಸುತ್ತಿದ್ದರು. ಹೊರಗಿನ ಜಗಳ ಅವರ ಕಿವಿಗೆ ಬಿದ್ದೇ ಇರಲಿಲ್ಲ. ಕಾತ್ಯಾಯಿನಿ ಅವರ ನರೆತ ತಲೆಯನ್ನೇ ನೋಡಿದಳು.

"ಆಂಟಿ, ಸ್ವಲ್ಪ ಹಾಲ್‌ಗೆ ಬರ್ತೀರಾ?"

* * *

ಸಿದ್ದೇಶ್ವರಿ ಆಗಲೇ ಚಿತ್ರ ಹೊತ್ತು ಹೊರಗೆ ಹೋಗಿದ್ದಳು.

"ಹಾಳು ಮಾಡೋರು ಕಣ್ಣೋ ಬಾಯೋ ಗೀಚ್ತಾರೆ," ಎಂದಳು ಕಾತ್ಯಾಯಿನಿ. "ಇದನ್ನ ಕೆನ್ನೆ ಅಂಚಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಬಣ್ಣ ಅಲ್ಲ, ಹರಳೆಣ್ಣೆ ದೀಪದ ಕಾಡಿಗೆ. ಮಗುಗೆ ಬೊಟ್ಟಿಟ್ಟ ಮೇಲೆ ಬೆರಳು ಎಲ್ಲಿ ಒರೆಸ್ಕೋತೀವಿ? ತಲೆಗೆ ತಾನೆ? ಆಂಟಿ ಕೂದಲು ನೋಡಿ."

ಕಿವಿಯ ಮೇಲಿನ ಬಿಳಿ ಕೂದಲಲ್ಲಿ ಕಪ್ಪು ಗೀರು.

ಚನ್ನಮ್ಮ ಗಾಬರಿಯಾದರು. "ಹೌದವಾ, ದೃಷ್ಟಿಬೊಟ್ಟು ನಾನ ಇಟ್ಟೆ. ಕೂಸು ಅಷ್ಟು ಛಂದ ಕಾಣಾಕತ್ತಿತ್ತು. ಇಷ್ಟು ಮಂದಿ ನೋಡ್ತಾರ, ಕಣ್ಣು ತಾಕಬಾರದಲ್ಲ! ತಪ್ಪಾತೇನು? ಒರಿಸಿಬಿಡ್ಲಿ?"

ಅಮೂಲ್ಯಾ ಆ ಚುಕ್ಕೆಯನ್ನೇ ನೋಡಿದಳು. ಅತ್ತೆಗೆ ತನ್ನ ಚಿತ್ರ ಹಿಡಿಸಿತ್ತು. ಎಷ್ಟು ವರ್ಷದ ಆಸೆ! ಆದರೆ ಖುಷಿಪಡಲು ಗೆಳತಿಯನ್ನು ಬೈದ ನಾಚಿಕೆ ಬಿಡಲಿಲ್ಲ.

"ಬೇಡ ಅತ್ತೆ, ಇರ್ಲಿ," ಎಂದವಳೇ ಹೊರಗೆ ಓಡಿದಳು.

ಪಾರ್ಕಿಂಗ್ ಲಾಟ್‌ನಲ್ಲಿ ಸಿದ್ದೇಶ್ವರಿ ಚಿತ್ರವನ್ನು ಕಾರಿಗೆ ತುರುಕಲು ಹೆಣಗುತ್ತಿದ್ದಳು.

"ಸಿದ್ದು, ತಪ್ಪಾಯ್ತು ಕಣೆ. ಎಲ್ರ ಮುಂದೆ ಬೈದೆ, ಎಲ್ರ ಮುಂದೇನೇ ಸಾರಿ ಕೇಳ್ತೀನಿ."

ಸಿದ್ದೇಶ್ವರಿ ಮೂಗು ಒರೆಸಿಕೊಂಡಳು.

"ಮೊದ್ಲು ಆ ಕಡೆ ಹಿಡ್ಕೋ," ಎಂದಳು. "ಫ್ರೇಮ್ ಭಾರ ಇದೆ. ಒಳಗೆ ತಗೊಂಡು ಹೋಗೋಣ."