ಮುಳ್ಳು ಕಟ್ಟಿದ ಊರು

ಪಾದ್ರಿಗಳು ಇದನ್ನು ಬಿಸಿಲಿನ ಭ್ರಮೆ ಎಂದರು. ನನ್ನ ತೋಳಿನ ಮೇಲಿರುವ ಮುಳ್ಳಿನ ಗೀರುಗಳೂ ಭ್ರಮೆಯೇ?

ನಲವತ್ತಮೂರರ ಬೇಸಿಗೆ. ಇಂಗ್ಲೆಂಡಿನಿಂದ ಬಂದಿದ್ದ ಮಿಷನ್ ದೊರೆಸಾನಿಗೆ ನಾನು ದುಭಾಷಿ. ಸುವಾರ್ತೆ ಹೇಳಿ ಪ್ಲೇಗಿನ ಸೂಜಿ ಹಾಕಲೆಂದು ತಳಿ ಪಟ್ಟಣದ ಕಡೆಯ ಒಂದು ಊರಿಗೆ ಹೋದೆವು. ಊರಬಾಗಿಲಿಗೆ ಮುಳ್ಳು ಕಟ್ಟಿತ್ತು. ದನ ನುಗ್ಗದಿರಲೆಂದು ಕಟ್ಟಿರಬೇಕು ಅಂದುಕೊಂಡು, ಹಗ್ಗ ಬಿಚ್ಚಿ ಒಳಗೆ ಹೋದೆವು.

ಸುಡುವ ಮಧ್ಯಾಹ್ನದಲ್ಲೂ ಬೀದಿಯ ಮಣ್ಣು ಕಾಲಿಗೆ ತಣ್ಣಗಿತ್ತು. ಒಂದು ನಾಯಿಯೂ ಬೊಗಳಲಿಲ್ಲ. ಕೊನೆಯ ಮನೆಯ ಜಗಲಿಯ ಮೇಲೆ ಒಬ್ಬ ಮುದುಕಿ ಮಾತ್ರ ಕೂತಿದ್ದಳು. ಸೂಜಿ ಹಾಕಲು ಅವಳ ತೋಳು ಹಿಡಿದ ದೊರೆಸಾನಿ ಬೆಚ್ಚಿ ಕೈಬಿಟ್ಟರು; ಅದೂ ಆ ಮಣ್ಣಿನಷ್ಟೇ ತಣ್ಣಗಿತ್ತಂತೆ.

"ಬಾಗ್ಲು ಯಾಕ್ ಕಟ್ಬುಟ್ರು? ನಾನಿನ್ನೂ ಇದೀನಿ ಅಂತ ಕೂಗ್ಕೊಂಡೆ," ಎಂದಳು ಮುದುಕಿ.

ನಾವು ಓಡಿಬಂದೆವು. ಮುಳ್ಳು ಮೊದಲಿನಂತೆಯೇ ಕಟ್ಟಿತ್ತು. ಎಷ್ಟು ಬಿಚ್ಚಿದರೂ ಹಗ್ಗದಲ್ಲಿ ಇನ್ನೊಂದು ಗಂಟು ಇರುತ್ತಿತ್ತು. ಬೆನ್ನ ಹಿಂದೆ ಅದೇ ಮಾತು, ಪ್ರತಿ ಸಲವೂ ಒಂದು ಮನೆಯಷ್ಟು ಹತ್ತಿರ. ಕೊನೆಗೆ ಮುಳ್ಳಿನೊಳಗೇ ನುಗ್ಗಿ, ಮೈಯೆಲ್ಲ ಗೀರಿಸಿಕೊಂಡು ಹೊರಬಿದ್ದೆವು.

ಊರಿನವರು ದೂರದ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. "ಪ್ಲೇಗ್ ಬಂತು ಅಂತ ಊರೇ ಬುಟ್ಬುಟ್ವಿ ಸ್ವಾಮಿ, ತಿಂಗ್ಳಾಯ್ತು. ಒಳ್ಗೆ ಯಾರೂ ಇಲ್ಲ," ಎಂದ ಆವುಲಪ್ಪನೆಂಬ ರೈತ. ಮುದುಕಿಯ ವಿಷಯ ನಾವಿನ್ನೂ ಎತ್ತಿರಲಿಲ್ಲ. ಎತ್ತುವ ಧೈರ್ಯವೂ ಬರಲಿಲ್ಲ.

ನೀರು ಕುಡಿದು ಹೊರಟೆವು. ಆವುಲಪ್ಪ ದಾರಿಯವರೆಗೂ ಜೊತೆಗೆ ಬಂದ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ನನ್ನ ತೋಳಿನ ಮುಳ್ಳುಗೀರುಗಳ ಮೇಲೆ ಕಣ್ಣಿಟ್ಟು, ಮೆಲ್ಲಗೆ ಕೇಳಿದ:

"ನಮ್ಮವ್ವ ಇನ್ನೂ ಕೂಗ್ತಾ ಇದ್ಲಾ?"