ಅತ್ತೆಯ ನಡುಗೋ ಕುರ್ಚಿ

"ತೊಡೆ ಮೇಲಿಂದ ಕೈ ತೆಗಿಯೇ! ಸಾಕು!"

ಅತ್ತೆ ಕೂಗಿದ ರಭಸಕ್ಕೆ, ಪರದೆ ಎಳೆದು ಕತ್ತಲೆ ಮಾಡಿದ್ದ ಆ ರೂಮಲ್ಲಿ ಕೂತಿದ್ದವರೆಲ್ಲ ಸಿನಿಮಾ ಬಿಟ್ಟು ಇವಳ ಕಡೆ ತಿರುಗಿದ್ರು. ಕಿವಿ ಕೇಳದವರಿಗೆ ತಮ್ಮ ಗಂಟಲು ಎಷ್ಟು ದೊಡ್ಡದು ಅಂತ ಗೊತ್ತಾಗಲ್ಲ ನೋಡಿ. ಗುಟ್ಟು ಹೇಳ್ತಾ ಇದೀನಿ ಅಂದ್ಕೊಂಡು ಬೀದಿಗೆಲ್ಲ ಕೇಳೋ ಹಾಗೆ ಹೇಳಿಬಿಡ್ತಾರೆ. "ಕುರ್ಚಿನೇ ನನಗೆ ಎಲ್ಲಾ ಹೇಳ್ತಾ ಇದೆ. ಮಧ್ಯ ನೀನೂ ತಟ್ಟಿದ್ರೆ ಇಬ್ಬರು ಒಟ್ಟಿಗೆ ಬಾಯಿ ಹಾಕಿದ ಹಾಗಾಗ್ತದೆ!"

ಪಕ್ಕದ ಸ್ಟೂಲ್ ಮೇಲೆ ಕೂತಿದ್ದ ದೊಡ್ಡ ಸೊಸೆ ಕೈ ಹಿಂದಕ್ಕೆ ತಗೊಂಡಳು. ಕೆನ್ನೆಗೆ ಹೊಡೆದಿದ್ರೂ ಅಷ್ಟು ಉರೀತಿರಲಿಲ್ಲ ಅವಳಿಗೆ. ಅತ್ತ ಚಿಕ್ಕ ಸೊಸೆ, ಆ ಕುರ್ಚಿ ತರಿಸಿದ ಮಹಾತಾಯಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳು ನಕ್ಕಿದ್ದು ಅತ್ತೆ ಖುಷಿಯಾಗಿದ್ದಾರೆ ಅಂತ. ಆದರೆ ಹೊಟ್ಟೇಲಿ ಕಿಚ್ಚು ಇಟ್ಕೊಂಡೋಳಿಗೆ ಅದೆಲ್ಲಿ ಕಾಣ್ತದೆ!

ಸ್ವಲ್ಪ ಹಿಂದಿನ ಸಂಗತಿ ಹೇಳಬೇಕು, ಇಲ್ಲದಿದ್ರೆ ದೊಡ್ಡವಳನ್ನ ನೀವು ಸುಮ್ಮಸುಮ್ಮನೆ ಬೈತೀರ.

ಈ ಅತ್ತೆ ಇದ್ದಾರಲ್ಲ, ಕಿವಿ ನೆಟ್ಟಗಿದ್ದ ಕಾಲದಲ್ಲಿ ದೊಡ್ಡವಳನ್ನ ಒಂದು ದಿನ ನೆಮ್ಮದಿಯಾಗಿ ಉಸಿರಾಡೋಕೆ ಬಿಟ್ಟವರಲ್ಲ. ಅವಳು ಪಾತ್ರೆ ಇಟ್ಟರೆ, "ಏನೇ ಅದು, ಮನೆ ಒಡೀತಾ ಇದೀಯ?" ಬಾಗಿಲು ಹಾಕಿದ್ರೆ, "ನನ್ನ ಮೇಲಿನ ಸಿಟ್ಟು ಬಾಗಿಲ ಮೇಲೆ ಯಾಕೆ?" ಮೆತ್ತಗೆ ನಡೆದ್ರೆ, "ಕಳ್ಳಿ ಹಾಗೆ ಬರ್ತಾಳೆ ನೋಡು!" ಎಲ್ಲವೂ ಆ ಕಿವಿಗಳಿಂದಲೇ ಆಗ್ತಿತ್ತು. ಆಮೇಲೆ ಯಾವುದೋ ಕಾಯಿಲೆ ಬಂತು, ಔಷಧಿ ಬಂತು, ನಿಧಾನಕ್ಕೆ ಕಿವಿ ಎರಡೂ ಹೋದವು. ಮುದುಕಿಗೆ ಸೊಕ್ಕು ಎಷ್ಟು ಅಂದ್ರೆ, ಯಾರಿಗೂ ಹೇಳಲೇ ಇಲ್ಲ. ಟಿವಿ ಮುಂದೆ ಕೂತು, ಎಲ್ಲರೂ ನಕ್ಕಾಗ ತಾನೂ ನಗೋದು. ಆದರೆ ಆ ನಗು ಒಂದು ಚೂರು ತಡವಾಗಿ ಬರ್ತಿತ್ತು... ಪಕ್ಕದವರ ಮುಖ ಓರೆಗಣ್ಣಲ್ಲಿ ನೋಡಿ, ಆಮೇಲೆ. ಹೆತ್ತ ಮಕ್ಕಳಿಬ್ಬರಿಗೂ ಅದು ಗೊತ್ತಾಗಲಿಲ್ಲ. ಕಂಡುಹಿಡಿದವಳು ದೊಡ್ಡವಳೇ. ಬೈಗುಳ ತಿಂದು ತಿಂದು ಆ ಮುಖದ ಒಂದೊಂದು ಗೆರೆಯೂ ಅವಳಿಗೆ ಬಾಯಿಪಾಠ ಆಗಿತ್ತು!

ಅವಳಿಂದ ಮನೆಯವರಿಗೂ ತಿಳೀತು. ಅವತ್ತಿಂದ ಸ್ಟೂಲ್ ಎಳ್ಕೊಂಡು ಅತ್ತೆ ಪಕ್ಕ ಕೂತಳು. ಕುದುರೆ ಓಡಿದ್ರೆ ತೊಡೆ ಮೇಲೆ ಬೆರಳಲ್ಲಿ ಟಕಟಕ. ಬಾಂಬ್ ಬಿದ್ದರೆ ಅಂಗೈಯಿಂದ ಧಪ್. ಕೇಡಿಗ ಬಂದ್ರೆ ಸಣ್ಣಗೆ ಚಿವುಟೋದು. ಮಾತು ಬಂದಾಗ ಮುಖ ತಿರುಗಿಸಿ ತುಟಿ ನಿಧಾನ ಆಡಿಸಿ ಹೇಳೋದು. ಮುಟ್ಟಿದ್ರೆ ಸಿಡಿಯೋ ಅತ್ತೆ ಈಗ, "ಎಲ್ಲೇ ಹೋದೆ? ಬಾರೇ, ಶುರುವಾಯ್ತು!" ಅಂತ ಕರೆಯೋ ಹಾಗಾಯ್ತು. ಆ ಮನೆಯಲ್ಲಿ ಅವಳಿಗೊಂದು ಜಾಗ ಅಂತ ಸಿಕ್ಕಿದ್ದೇ ಅತ್ತೆಯ ಕಿವಿ ಹೋದ ಮೇಲೆ.

ಹೀಗಿರುವಾಗ ಬಂದಳು ಚಿಕ್ಕವಳು. ಕನ್ನಡಕದ ಅಂಗಡಿಯಲ್ಲಿ ಕೆಲಸ, ಕೈ ಚುರುಕು, ಬಾಯಿ ಇನ್ನೂ ಚುರುಕು. ಅವಳ ಗಂಡ, ಅಂದ್ರೆ ಚಿಕ್ಕ ಮಗ, ಸಭಾಂಗಣಗಳಿಗೆ ಸ್ಪೀಕರ್ ಕೂರಿಸೋ ಕೆಲಸದವನು. ಮನೇಲಿ ಎಲ್ಲರೂ ಅವನನ್ನ ಸೌಂಡಪ್ಪ ಅಂತಲೇ ಕರೆಯೋದು. ಗಂಡ ಹೆಂಡತಿ ಸೇರಿ ಹಿಂದಿನ ರೂಮನ್ನ ಹೋಂ ಥಿಯೇಟರ್ ಮಾಡಿಬಿಟ್ರು. ಗೋಡೆಗೆ ದಪ್ಪ ಬಟ್ಟೆ, ಮೂಲೆಮೂಲೆಗೂ ಸ್ಪೀಕರು, ಒರಗಿ ಕೂರೋ ಕುರ್ಚಿಗಳು. ಪ್ರತಿ ಕುರ್ಚಿ ತಳಕ್ಕೂ ಅಂಗೈಯಗಲದ ಒಂದು ಕಬ್ಬಿಣದ ಡಬ್ಬಿ. ಶೇಕರ್ ಅಂತಾರಂತೆ ಅದಕ್ಕೆ. ಸಿನಿಮಾದಲ್ಲಿ ಗುಡುಗಿದ್ರೆ ಕುರ್ಚಿ ಗುಡುಗ್ತದೆ, ರೈಲು ಹೋದ್ರೆ ಬೆನ್ನಲ್ಲೇ ರೈಲು ಹೋಗ್ತದೆ.

"ಇಡೀ ದಿನ ನಡುಗೋ ಸೀಟ್ ಮೇಲೆ ಕೂತು ಬರ್ತೀನಿ, ಮನೇಲೂ ಅದೇನಾ?" ಅಂದ ದೊಡ್ಡ ಮಗ. ಅವನು ಬಸ್ ಡ್ರೈವರ್.

"ಬಾವ, ಇಲ್ಲಿ ಯಾರೂ ಹಾರ್ನ್ ಹೊಡೆಯಲ್ಲ, ಕೂತ್ಕೊಳ್ಳಿ," ಅಂದಳು ಚಿಕ್ಕವಳು.

ಮನೇಲಿ ಇರೋದು ಐದು ಜನ. ಬಂದಿದ್ದು ನಾಲ್ಕು ಕುರ್ಚಿ.

"ಅಕ್ಕ ಹೇಗೂ ಅತ್ತೆ ಪಕ್ಕ ಸ್ಟೂಲ್ ಮೇಲೇ ಅಲ್ವಾ ಕೂರೋದು..." ಅಂತ ಚಿಕ್ಕವಳು ನಗುನಗುತ್ತಾ ಅಂದುಬಿಟ್ಟಳು. ದೊಡ್ಡವಳೂ ನಕ್ಕಳು. ಮೊದಲ ದಿನ ಅತ್ತೆ ಕೂತ್ಕೊಂಡು, ಪರದೆ ಮೇಲೆ ಗುಡುಗು ಹೊಡೆದಾಗ ಚೀರಿ, ಮರುಕ್ಷಣ ಸಣ್ಣ ಹುಡುಗಿ ಹಾಗೆ ಕೇಕೆ ಹಾಕಿದ್ರು. "ಕೇಳಿಸ್ತು ಕಣ್ರೋ! ಮೈಗೆಲ್ಲ ಕೇಳಿಸ್ತು!" ಅಂತ ಕಣ್ಣಲ್ಲಿ ನೀರು. ಚಿಕ್ಕವಳನ್ನ ಎಳೆದು ಹಣೆಗೆ ಮುತ್ತು ಬೇರೆ! ಅಷ್ಟು ವರ್ಷ ತಟ್ಟಿ ತಟ್ಟಿ ಅಂಗೈ ಸವೆಸಿದವಳಿಗೆ ಒಂದು ಮುತ್ತು ಸಿಕ್ಕಿತ್ತಾ? ಕತ್ತಲಲ್ಲಿ ಅವಳು ಬಗ್ಗಿ ನೆಲಕ್ಕೆ ಅಂಗೈ ಇಟ್ಟು ನೋಡಿದಳು, ನಡುಕ ತನಗೂ ಒಂದು ಚೂರು ಸಿಗ್ತದಾ ಅಂತ. ಏನೂ ಇಲ್ಲ. ಕುರ್ಚಿ ಕಾಲುಗಳಿಗೆ ಸೌಂಡಪ್ಪ ರಬ್ಬರ್ ಹಾಕಿದ್ದ, ನಡುಕವೆಲ್ಲ ಕೂತವರಿಗೇ ಇರಲಿ, ಆಚೆ ಪೋಲಾಗದಿರಲಿ ಅಂತ.

ಅಲ್ಲಿಂದ ಶುರುವಾಯ್ತು ನೋಡಿ ಅವಳ ಸಂಕಟ. ಅತ್ತೆ ಚಿಕ್ಕವಳ ಹೆಸರು ಹಿಡಿದು ಕರೆದ್ರೆ ಕೈಲಿದ್ದ ಲೋಟ ಜಾರ್ತಿತ್ತು. ಚಿಕ್ಕವಳು ಅತ್ತೆಗೆ ಕಾಲು ಚಾಚೋ ಹಾಗೆ ಕುರ್ಚಿ ಸರಿ ಮಾಡಿಕೊಟ್ಟರೆ, "ಅಯ್ಯೋ, ಸೇವೆ ನೋಡು ಸೇವೆ!" ಅಂತ ಅಡುಗೆಮನೆ ಗೋಡೆಗೆ ಹೇಳಿಕೊಳ್ತಿದ್ದಳು. ಗಂಡನ ಹತ್ತಿರ ಅತ್ತಳು. ಅವನು, "ನಿನಗೆ ಕೆಲಸ ಕಮ್ಮಿ ಆಯ್ತಲ್ಲೇ, ಹಾಯಾಗಿರು," ಅಂದ. ಗಂಡಸರಿಗೆ ಇದೊಂದು ದೊಡ್ಡ ಸುಖ, ಎಲ್ಲಾ ಸಂಕಟಕ್ಕೂ ಅವರ ಹತ್ತಿರ ಒಂದೇ ಸಾಲಿನ ಮದ್ದು ಇರ್ತದೆ!

ಮೇಲೆ ಹೇಳಿದ್ನಲ್ಲ, ಕೈ ತೆಗಿ ಅಂತ ಎಲ್ಲರ ಮುಂದೆ ಅನ್ನಿಸಿಕೊಂಡದ್ದು, ಅದಾದ ಮಾರನೇ ಬೆಳಗ್ಗೆ ಕುರ್ಚಿಗಳ ಕೆಳಗೆ ಪೊರಕೆ ಆಡಿಸ್ತಿದ್ದಾಗ ಅತ್ತೆಯ ಕುರ್ಚಿಯ ಶೇಕರ್ ವೈರು ಕಣ್ಣಿಗೆ ಬಿತ್ತು. ಸಣ್ಣ ಕ್ಲಿಪ್ಪು. ಸುತ್ತ ನೋಡಿದಳು. ಬೆರಳು ಹಾಕಿ ಕಿತ್ತಳು. ವೈರನ್ನ ತಾನಾಗೇ ಜಾರಿದ ಹಾಗೆ ನೆಲದ ಮೇಲೆ ಇಳಿಬಿಟ್ಟು ಎದ್ದಳು. "ಈಗ ಕರೀತಾರೆ... ಕರೀಲೇಬೇಕು!"

ಭಾನುವಾರ ಮಧ್ಯಾಹ್ನ ಮತ್ತೆ ಸಿನಿಮಾ. ಯುದ್ಧದ ಚಿತ್ರ. ಉಳಿದ ಕುರ್ಚಿಗಳು ಗಡಗಡ. ಡ್ರೈವರ್ ಮಹಾರಾಯ ಆ ನಡುಕಕ್ಕೆ ಜೋಗುಳ ಸಿಕ್ಕ ಹಾಗೆ ಗೊರಕೆ ಶುರು ಮಾಡಿದ್ದ. ದೊಡ್ಡವಳು ಸ್ಟೂಲ್ ಮೇಲೆ ಕಾದು ಕೂತಳು. ಅತ್ತೆ ಈಗ ಹೇಳ್ತಾರೆ, ಕುರ್ಚಿ ಕೆಟ್ಟಿದೆ ಅಂತ... ಈಗ ಹೇಳ್ತಾರೆ...

ಅತ್ತೆ ಹೇಳಲಿಲ್ಲ. ಒಂದು ಸಲ ಸೀಟಿಗೆ ಅಂಗೈ ಒತ್ತಿ ನೋಡಿದ್ರು. ಬೆನ್ನು ಒತ್ತಿ ಕೂತ್ರು. ಮುಖ ಬಿಳಿಚಿಕೊಳ್ತು. ಆಮೇಲೆ ಚಿಕ್ಕವಳು ನಕ್ಕಾಗ... ಅತ್ತೆಯೂ ನಕ್ರು. ಒಂದು ಚೂರು ತಡವಾಗಿ.

ದೊಡ್ಡವಳು ಸ್ಟೂಲ್ ಮೇಲೆ ನೆಟ್ಟಗಾದಳು. ಆ ನಗು! ಅದೇ ಸುಳ್ಳು ನಗು!

ಅತ್ತೆ ನೀರು ಕುಡೀತೀನಿ ಅಂತ ಎದ್ದು ಹೋದ್ರು. ಇವಳೂ ಹಿಂದೆಯೇ ಹೋದಳು. ಹಿತ್ತಿಲ ಕಡೆ ವಾಷಿಂಗ್ ಮೆಷಿನ್ ಬಟ್ಟೆ ಹಿಂಡ್ತಾ ಗಡಗಡ ಕುಣೀತಿತ್ತು. ಅತ್ತೆ ಅದರ ಮೇಲೆ ಎರಡು ಕೈ ಊರಿ ನಿಂತಿದ್ರು. ಕಣ್ಣು ಮುಚ್ಚಿತ್ತು. ಕೈ ತೆಗೆದು ಮೊಣಕೈ ಇಟ್ಟರು. ಸೊಂಟ ಒರಗಿಸಿದ್ರು. ಪರೀಕ್ಷೆ ಮಾಡ್ಕೊಳ್ತಾ ಇದ್ದಾರೆ ಆ ಮುದುಕಿ... ತನ್ನ ಮೈ ಇನ್ನೂ ಇದೆಯಾ ಅಂತ!

ಸೊಸೆ ಕಂಡ ಕೂಡಲೇ ಸೆರಗಲ್ಲಿ ಮೆಷಿನ್ ಒರೆಸೋ ನಾಟಕ. ಆಮೇಲೆ ಅದೂ ಆಗಲಿಲ್ಲ. ಅವಳ ತೋಳು ಹಿಡ್ಕೊಂಡ್ರು.

"ಯಾರಿಗೂ ಹೇಳಬೇಡ ಕಣೇ... ಕುರ್ಚಿಯಲ್ಲಿ ನನಗೇನೂ ಗೊತ್ತಾಗ್ತಾ ಇಲ್ಲ. ಇಲ್ಲೂ ಸರಿಯಾಗಿ ಗೊತ್ತಾಗ್ತಾ ಇದೆಯೋ ಇಲ್ವೋ, ಅದೂ ತಿಳೀತಾ ಇಲ್ಲ. ಕಿವಿ ಹೋಯ್ತು, ಈಗ ಮೈಯೂ ಹೋಗ್ತಾ ಇದೆ ಅಂತ ಕಾಣ್ತದೆ. ಹಾಸಿಗೆ ಹಿಡಿದ್ರೆ ಯಾರೇ ನೋಡ್ತಾರೆ? ಆ ಹುಡುಗಿ ಎಷ್ಟು ಆಸೆಪಟ್ಟು ತರಿಸಿದಳು, ಅವಳಿಗೆ ಹೇಗೆ ಹೇಳಲಿ... ನೀನು ಬಾ. ಪಕ್ಕ ಕೂತ್ಕೋ. ಮೊದಲಿನ ಹಾಗೆ ತಟ್ಟು. ನನಗೆ ಇನ್ನು ನೀನೊಬ್ಬಳೇ..."

ನೋಡಿ, ಅವಳಿಗೆ ಬೇಕಾಗಿದ್ದು ಅದೇ ಮಾತು ತಾನೇ? ತಾನಾಗೇ ಮಡಿಲಿಗೆ ಬಿದ್ದಿತ್ತು. ಸುಮ್ಮನೆ "ಆಯ್ತತ್ತೆ" ಅಂದಿದ್ರೆ ಮುಗೀತಿತ್ತು. ಆಮೇಲೆ ಮೆಲ್ಲಗೆ ವೈರು ಸಿಕ್ಕಿಸಿ ಬಿಟ್ಟಿದ್ರೂ ಯಾರಿಗೂ ತಿಳೀತಿರಲಿಲ್ಲ. ಆದರೆ ಆ ತೋಳು ಹಿಡಿದ ಕೈ ನಡುಗ್ತಾ ಇತ್ತು. ಹೆದರಿಕೆಗೆ. ಆ ನಡುಕ ಅವಳ ಮೂಳೆಗೆ ಇಳೀತು.

ಅತ್ತೆಯ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡು, ತುಟಿ ನಿಧಾನ ಆಡಿಸಿದಳು. "ನಿಮ್ಮ ಮೈಗೆ ಏನೂ ಆಗಿಲ್ಲ ಅತ್ತೆ. ಕುರ್ಚಿಗೂ ಏನಾಗಿಲ್ಲ. ವೈರು... ನಾನೇ ಕಿತ್ತಿದ್ದು."

"ಏನಂದೆ?"

"ನಾನೇ ಕಿತ್ತೆ!"

"ವೈರು ಕಿತ್ತೆಯಾ?! ನೀನಾ?!" ಅತ್ತೆ ಮೆಲ್ಲಗೆ ಕೇಳಿದೆ ಅಂದ್ಕೊಂಡಿರಬೇಕು. ಇಡೀ ಮನೆ ಎದ್ದು ಬಂತು. ಗೊರಕೆ ಹೊಡೀತಿದ್ದ ಡ್ರೈವರೂ ಬಂದ, ಸೌಂಡಪ್ಪನೂ ಬಂದ. ಚಿಕ್ಕವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಅಕ್ಕಾ... ನನ್ನ ಮೇಲೆ ಸಿಟ್ಟಿದ್ರೆ ನನಗೆ ನಾಲ್ಕು ಬೈಬೇಕಿತ್ತು. ಅತ್ತೇನ ಯಾಕೆ...?"

"ನಾಲ್ಕೇ ಕುರ್ಚಿ ತಂದೆಯಲ್ಲೇ!" ದೊಡ್ಡವಳ ಅಳು ಒಡೀತು. "ಐದು ಜನ ಇದೀವಿ... ನಿನ್ನ ಲೆಕ್ಕಕ್ಕೆ ನಾನು ಸ್ಟೂಲು!"

"ನೀವು ಅತ್ತೆ ಪಕ್ಕ ಬಿಟ್ಟು ಏಳಲ್ಲ ಅಂತ... ದೇವರಾಣೆ ಅಕ್ಕ, ನಾನು ಅಷ್ಟು ಯೋಚನೆ ಮಾಡಲಿಲ್ಲ..."

"ಯಾರೂ ಮಾಡಲ್ಲ! ಅದೇ ನನ್ನ ಸಂಕಟ!"

ಡ್ರೈವರ್, "ಏ, ಬಾಯಿ ಮುಚ್ಚು, ಮಾಡೋದು ಮಾಡಿ..." ಅಂತ ಶುರು ಮಾಡಿದ. ಅತ್ತೆ ಕೈ ಎತ್ತಿ ಅವನನ್ನ ನಿಲ್ಲಿಸಿದ್ರು. ಅವರಿಗೆ ಈ ಮಾತೆಲ್ಲ ಪೂರ್ತಿ ಸಿಕ್ಕಿರಲಿಲ್ಲ. ಆದರೆ ದೊಡ್ಡವಳ ಮುಖ ಓದೋಕೆ ಅವರಿಗೇನು ಕಿವಿ ಬೇಕಾ?

"ಒಂದು ಮಾತು ಕೇಳ್ತೀನಿ. ಸುಳ್ಳು ಹೇಳಬೇಡ. ನನ್ನ ಕಿವಿ ಹೋದಾಗ... ನಿನಗೆ ಖುಷಿ ಆಗಿತ್ತಾ?"

ಮೆಷಿನ್ ತನ್ನ ಪಾಡಿಗೆ ತಾನು ಕುಣೀತಿತ್ತು.

"ಹೂಂ," ಅಂದಳು ದೊಡ್ಡವಳು. ತಲೆಯೂ ಆಡಿಸಿದಳು, ತುಟಿ ಕಾಣಿಸದೇ ಹೋದೀತು ಅಂತ. "ಅದಕ್ಕೆ ಮುಂಚೆ ನೀವು ನನ್ನನ್ನ ಯಾವತ್ತು ಕರೆದಿದ್ರಿ, ಅತ್ತೆ?"

ಅತ್ತೆ ಅವಳನ್ನೇ ನೋಡ್ತಾ ನಿಂತ್ರು. ಕೊನೆಗೆ ತಿರುಗಿ, ಯಾರನ್ನೂ ಮುಟ್ಟದೆ, ಸಿನಿಮಾ ರೂಮಿಗೆ ನಡೆದ್ರು. ಎಲ್ಲರೂ ಹಿಂದೆ. ದೊಡ್ಡವಳು ಬಗ್ಗಿ ಕ್ಲಿಪ್ಪು ಸಿಕ್ಕಿಸಿದಳು.

"ಏಳೋ ಡ್ರೈವರ್ರೇ," ಅಂದ್ರು ಅತ್ತೆ, ಮತ್ತೆ ಕೂತುಬಿಟ್ಟಿದ್ದ ದೊಡ್ಡ ಮಗನಿಗೆ. "ನಿದ್ದೆ ಮಾಡೋನಿಗೆ ಆ ಕುರ್ಚಿ ಯಾಕೆ? ಸ್ಟೂಲ್ ಮೇಲೆ ಕೂರು. ಇವಳು ಅಲ್ಲಿ ಕೂರಲಿ."

"ಬೇಡ ಅತ್ತೆ..."

"ಕೂರು ಅಂದೆ! ನಿನಗೆ ಯಾವ ಸಿನಿಮಾ ಬೇಕು? ಹೇಳು, ಅದನ್ನೇ ಹಾಕಲಿ."

ಎಲ್ಲರೂ ಅವಳ ಬಾಯಿ ನೋಡ್ತಾ ನಿಂತ್ರು. ಪಾಪ, ಅವಳಿಗೆ ಏನೂ ಹೊಳೀಲಿಲ್ಲ. ಅಷ್ಟು ಸಿನಿಮಾದ ಕಥೆ ತಟ್ಟಿ ಹೇಳಿದವಳು, ತನಗೆ ಯಾವುದು ಬೇಕು ಅಂತ ಒಂದು ದಿನ ಯೋಚಿಸಿರಲಿಲ್ಲ. ಕೊನೆಗೆ, "ಗಲಾಟೆ ಇಲ್ಲದೇ ಇರೋದು... ಬರೀ ಮಾತಿರೋದು," ಅಂದಳು.

ಅಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. ಗಲಾಟೆ ಇಲ್ಲದಿದ್ರೆ ಕುರ್ಚಿ ಬಾಯಿ ಬಿಡಲ್ಲ. ಕುರ್ಚಿ ಬಾಯಿ ಬಿಡದಿದ್ರೆ ಅತ್ತೆಗೆ ಇವಳೇ ಬೇಕು... ಅಷ್ಟು ಅತ್ತರೂ ಆ ಹಾಳು ಹೊಟ್ಟೆಕಿಚ್ಚು ಒಳಗೆ ಕೂತು ಅವಳ ಬಾಯಲ್ಲಿ ಮಾತಾಡಿತ್ತು! ಚಿಕ್ಕವಳಿಗೂ ಅದು ಹೊಳೀತು, ಅತ್ತೆಗೆ ಹೊಳೆಯದೇ ಇರ್ತದಾ?

"ಹಾಕೋ," ಅಂದ್ರು ಅತ್ತೆ. "ಅವಳಿಗೆ ಬೇಕಾದ್ದು ಅದು."

ಶುರುವಾಯ್ತು. ಯಾರೋ ಇಬ್ಬರು ಒಂದು ಮೇಜಿನ ಆಚೆ ಈಚೆ ಕೂತು ಮಾತಾಡೋದು, ಎದ್ದು ಹೋಗೋದು, ಮತ್ತೆ ಬಂದು ಮಾತಾಡೋದು. ಒಂದು ಬಾಗಿಲು ಕೂಡ ಜೋರಾಗಿ ಹಾಕ್ಕೊಳ್ಳಲಿಲ್ಲ. ಕುರ್ಚಿಗಳು ಸತ್ತ ಹಾಗೆ ಬಿದ್ದಿದ್ದವು. ಅತ್ತೆ ನೆಟ್ಟಗೆ ಕೂತ್ರು. ಏನಂದ ಅಂತ ಕೇಳಲಿಲ್ಲ. ಯಾಕೆ ಅಳ್ತಾಳೆ ಅಂತ ಕೇಳಲಿಲ್ಲ. ಯಾರ ಮುಖವನ್ನೂ ಓರೆಗಣ್ಣಲ್ಲಿ ನೋಡಲಿಲ್ಲ, ಯಾರೋ ನಕ್ಕಾಗ ತಾವು ನಗಲೂ ಇಲ್ಲ. ತಮಗೆ ಒಂದಕ್ಷರ ಸಿಗದ ಆ ಚಿತ್ರವನ್ನ, ಸೊಸೆ ಕೇಳಿದಳು ಅಂತ, ಕೊನೇವರೆಗೂ ಕಣ್ಣು ಕೀಳದೆ ನೋಡಿದ್ರು. ಶಿಕ್ಷೆ ಕೊಟ್ರೋ, ಉಡುಗೊರೆ ಕೊಟ್ರೋ, ನಾನು ಹೇಳಲಾರೆ. ಎರಡೂ ಇರಬೇಕು.

ದೀಪ ಹಾಕಿದ್ರು. ಅತ್ತೆ ಅವಳ ಕಡೆ ತಿರುಗಿದ್ರು.

"ಚೆನ್ನಾಗಿತ್ತಾ?"

"ಗೊತ್ತಿಲ್ಲ ಅತ್ತೆ... ನಾನು ನಿಮ್ಮನ್ನೇ ನೋಡ್ತಾ ಕೂತಿದ್ದೆ."

ಅತ್ತೆ ಆ ತುಟಿಗಳನ್ನ ಓದಿದ್ರು. ಆಮೇಲೆ ಚಿಕ್ಕ ಮಗನ ಕಡೆ ತಿರುಗಿ, ಬೀದಿಗೆಲ್ಲ ಕೇಳೋ ಹಾಗೆ ಅಂದ್ರು:

"ಇನ್ನೊಂದು ಸಲ ಹಾಕೋ. ಇವಳು ನೋಡಿಲ್ಲ."