ಅವಳ ಬಾಯಲ್ಲಿ ಬರಬಾರದ ಮಾತು

ಟಕ್!

ಅವಳ ಮೈಕಿನ ಕೆಂಪು ದೀಪ ಆರಿತು. ಗುಂಡಿಯ ಮೇಲಿದ್ದದ್ದು ಪಕ್ಕದಲ್ಲಿ ಕೂತವನ ಬೆರಳು!

ಗಾಜಿನ ಆ ಪುಟ್ಟ ಕೋಣೆಯಲ್ಲಿ ಅನುವಾದಕರು ಇಬ್ಬರೇ. ಅರ್ಧ ಗಂಟೆ ಅವಳು, ಅರ್ಧ ಗಂಟೆ ಅವನು. ಕೆಳಗೆ ಸಭಾಂಗಣದಲ್ಲಿ ಗಡಿ ಯುದ್ಧದ ಬಗ್ಗೆ ಎರಡೂ ಕಡೆಯ ರಾಜತಾಂತ್ರಿಕರ ಸಮಾಲೋಚನೆ. ಇದು ಮುಗಿದರೆ ಅಂತರರಾಷ್ಟ್ರೀಯ ಸಮ್ಮೇಳನ.

ಸರದಿ ಅವಳದಾಗಿತ್ತು. ಎದುರು ಪಕ್ಷದ ಸೇನಾಧಿಕಾರಿ ಭಾಷಣದ ಪುಟ ತಿರುಗಿಸುತ್ತಿದ್ದ, ಅಷ್ಟೇ. ಪಕ್ಕದವನು ಆಗಲೇ ತನ್ನ ಮೈಕ್ ಹಾಕಿಕೊಂಡಿದ್ದ.

'ನನ್ನ ಕೈಲಾಗಲ್ಲ ಅಂದ್ಕೊಂಡನಾ?'

ಹೆಡ್‌ಫೋನ್ ಕಿತ್ತಿಟ್ಟು ಹೊರಗೆ ನಡೆದಳು. ಕೋಪ ಬರಬೇಕಿತ್ತು... ಬರಲಿಲ್ಲ. ಶೆಲ್ ದಾಳಿಯಲ್ಲಿ ಅಮ್ಮ ಹೋದಾಗಿನಿಂದ ಅವಳ ಮನಸ್ಸು ಅರಿವಳಿಕೆ ಚುಚ್ಚಿದ ಒಸಡಿನಂತಾಗಿತ್ತು. ಮುಟ್ಟಿದ್ದು ತಿಳಿಯುತ್ತದೆ, ನೋವು ತಿಳಿಯುವುದಿಲ್ಲ.

ವಿರಾಮದಲ್ಲಿ ಅನುವಾದಕರ ಮುಖ್ಯಸ್ಥೆ ಸಿಡಿಮಿಡಿಗೊಂಡು ಬಂದರು. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

"ಇನ್ನೊಬ್ಬರ ಮೈಕ್ ಆರಿಸೋದಾ? ಸಮ್ಮೇಳನಕ್ಕೆ ನೀನು ಬೇಡ, ಮನೆಗೆ ಹೋಗು ಅಂತ ನಿಮ್ಮ ಮೇಷ್ಟ್ರಿಗೆ ಹೇಳಿದೆ. ಕಾರಣ ಕೇಳಿದ್ರೆ ತುಟಿ ಪಿಟಕ್ ಅನ್ನಲ್ಲ!"

ಎಲ್ಲರ ಮಾತು ತಿದ್ದುತ್ತಿದ್ದ ಅವನಿಗೆ 'ಮೇಷ್ಟ್ರು' ಎಂದು ಹೆಸರಿಟ್ಟವಳು ಅವಳೇ.

"ನನಗೂ ಗೊತ್ತಿಲ್ಲ ಅಕ್ಕ."

"ಅದೂ ಎಂಥ ಜಾಗದಲ್ಲಿ! 'ನದಿ ದಂಡೆಯ ಆ ಊರನ್ನು ನಾವೇ ನೆಲಸಮ ಮಾಡಿದೆವು, ಮಾಡಿದ್ದು ಸರಿ' ಅಂತಾನೆ ಆ ಅಧಿಕಾರಿ. ಭಾಷಣದ ಒಂದೇ ಪ್ರತಿ, ಅದೂ ಮೇಷ್ಟ್ರ ಮುಂದೇ ಇತ್ತು, ಮುಂದೇನು ಬರುತ್ತೆ ಅಂತ ಗೊತ್ತಿತ್ತಲ್ಲ!"

ಅವಳು ಗೋಡೆಗೆ ಒರಗಿದಳು.

ಅನುವಾದಕರು 'ಅವರು ಮಾಡಿದರಂತೆ' ಎನ್ನುವಂತಿಲ್ಲ. ಮಾತಾಡಿದವರಂತೆಯೇ 'ನಾವು' ಎನ್ನಬೇಕು. ನಾವೇ ಮಾಡಿದೆವು... ಮಾಡಿದ್ದು ಸರಿ...

"ಅಕ್ಕ, ಅದು ನಮ್ಮೂರು. ಅಮ್ಮ ಅಲ್ಲೇ..."

ಇದನ್ನು ಒಮ್ಮೆ ಟೀ ಕುಡಿಯುತ್ತಾ ಮೇಷ್ಟ್ರಿಗೆ ಮಾತ್ರ ಹೇಳಿದ್ದಳು.

ಅಕ್ಕ ಅವಳ ತಲೆ ಸವರಿದರು. "ಮೊದಲೇ ಹೇಳ್ಬಾರದಾ ಹುಡುಗಿ? ಹೋಗು, ಅವನನ್ನ ನಿಲ್ಲಿಸು. ಸಮ್ಮೇಳನಕ್ಕೆ ಇಬ್ಬರೂ ಬೇಕು ನನಗೆ."

ಅವನು ಟೀ ಯಂತ್ರದ ಬಳಿ, ಬ್ಯಾಗ್ ಹೆಗಲಿಗೇರಿಸಿ ನಿಂತಿದ್ದ.

"ಯಾಕೆ ಮೇಷ್ಟ್ರೇ?"

"ಆ ಮಾತು ನಿಮ್ಮ ಬಾಯಲ್ಲಿ ಬರಬಾರದು ಅನ್ನಿಸ್ತು. ನನ್ನ ಬಾಯಲ್ಲೇ ಬಂದು ಹೋಗಲಿ ಅಂತ..."

"ನನ್ನನ್ನ ಕೇಳ್ಬೇಕಿತ್ತು."

"ಕೇಳೋಷ್ಟು ಹೊತ್ತಿರಲಿಲ್ಲ. ತಪ್ಪಾಯ್ತು."

"ಅಕ್ಕನ ಹತ್ರ ಯಾಕೆ ಹೇಳಲಿಲ್ಲ?"

"ನಿಮ್ಮ ನೋವು. ಅದನ್ನ ಹೇಳೋಕೆ ನಾನ್ಯಾರು?" ಅವನ ಕಿವಿಗಳು ಕೆಂಪಾದವು. "ನಿಮಗೆ ಯಾರಾದ್ರೂ ಆಗ್ಬೇಕು ಅಂತ ಆಸೆ ಇದೆ... ಊರವರ ಮಾತೆಲ್ಲ ಹೇಳಿಬಿಡ್ತೀನಿ, ನನ್ನದು ಹೇಳೋಕೆ ಮಾತ್ರ ಬರಲ್ಲ ನೋಡಿ."

ಕೈಲಿದ್ದ ಟೀ ಲೋಟ ಚಾಚಿದ. ಅವಳು ಹಿಡಿದಳು.

"ಸ್ಸ್... ಬಿಸಿ!"

ಬೆರಳು ಸುಟ್ಟಿತ್ತು. ಎಷ್ಟೋ ಕಾಲದ ಮೇಲೆ, ಏನೋ ತಟ್ಟಿತ್ತು! ಕಣ್ಣು ತುಂಬಿ ಬಂತು.

"ಅಯ್ಯೋ, ಕೊಡಿ ಇಲ್ಲಿ, ಆರಲಿ."

"ಬೇಡ. ಹೀಗೇ ಇರಲಿ."

ಲೋಟವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಳು. "ಅಕ್ಕನಿಗೆ ಎಲ್ಲ ಹೇಳಿದೆ, ಸಮ್ಮೇಳನಕ್ಕೆ ನಾವಿಬ್ಬರೂ ಬೇಕಂತೆ."

"ಸಮ್ಮೇಳನದಲ್ಲಿ ಆ ಮಾತು ಮತ್ತೆ ಬಂದ್ರೆ?" ಅವನು ಮೆಲ್ಲಗೆ ಕೇಳಿದ.

"ನಾನೇ ನಿಮ್ಮ ಕೈ ಹಿಡಿದು ಗುಂಡಿ ಮೇಲಿಡ್ತೀನಿ."

"ಆಮೇಲೆ ಕೈ ಬಿಟ್ಟುಬಿಡ್ತೀರಾ?"

"ಇಲ್ಲ ಮೇಷ್ಟ್ರೇ..."